ಬರದ ಲೆಕ್ಕಕ್ಕೆ ಬಾರದ ಮಹಿಳೆ

(ಹಳ್ಳಿಮೈಸೂರಿನಲ್ಲಿ ನಡೆದ ಕುಟುಂಬ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಹವಾಮಾನ ಬದಲಾವಣೆ ಮತ್ತು ಮಹಿಳೆ ಎಂಬ ವಿಷಯದ ಕುರಿತು ಮಾತನಾಡಬೇಕೆಂದು ಈ ಸಭೆಯ ಸಂಘಟಕರು ಕೇಳಿಕೊಂಡಾಗ ನಾವು ಹಿಂಜರಿದದ್ದು ನಿಜ. ನಾವು ವಿಜ್ಞಾನ ಓದಿದವರಲ್ಲ. ಮದ್ರಸಾದಲ್ಲಿ ಕಲಿತು, ಅನಂತರ ಕಲಾ ವಿಭಾಗದಲ್ಲಿ ಪದವಿ ಪಡೆದು ಪತ್ರಿಕಾ ವೃತ್ತಿಗೆ ಬಂದವರು. ಹಿಮ ಕರಗುವುದರ ಬಗ್ಗೆ, ಸಮುದ್ರ ಏರುವುದರ ಬಗ್ಗೆ ಹಳ್ಳಿಮೈಸೂರಿನ ಜನರಿಗೆ ಹೇಳಲು ನಮ್ಮಲ್ಲಿ ಏನಿದೆ ಎಂಬ ಪ್ರಶ್ನೆ ಕಾಡಿತು. ಆದ್ದರಿಂದ ಸಭೆಗೆ ಎರಡು ದಿನ ಮೊದಲೇ ಬಂದು ಈ ಹೋಬಳಿಯ ಕೆಲವು ಮನೆಗಳ ಬಾಗಿಲು ತಟ್ಟಿದೆವು.

ಒಂದು ಮನೆಯಲ್ಲಿ ಅರುವತ್ತು ದಾಟಿದ ಒಬ್ಬ ತಾಯಿ ಇದ್ದರು. 2023ರ ಬರದ ವರ್ಷ ಮನೆ ಹೇಗೆ ನಡೆಯಿತು ಖಾಲಾ ಎಂದು ಕೇಳಿದೆವು. “ನಡೆಯಿತು ಬೇಟಾ. ನಡೆಯದೆ ಏನು ಮಾಡುತ್ತೆ? ಕಿವಿಯಲ್ಲಿದ್ದದ್ದು ಹೋಯಿತು, ಅಷ್ಟೆ” ಎಂದರು. ಅವರ ಕಿವಿಯತ್ತ ನೋಡಿದೆವು. ತೂತು ಮುಚ್ಚಿಹೋಗದಿರಲೆಂದು ಪೊರಕೆಯ ಕಡ್ಡಿಯ ತುಂಡೊಂದನ್ನು ಸಿಕ್ಕಿಸಿಕೊಂಡಿದ್ದರು. ಓಲೆ ಗಿರವಿ ಅಂಗಡಿ ಸೇರಿದೆ. ಎಂದಾದರೂ ಬಿಡಿಸಿಕೊಳ್ಳುತ್ತೇವೆ ಎಂಬ ಆಸೆ ಆ ಕಡ್ಡಿಯಲ್ಲಿ ಉಳಿದಿದೆ.

ಸಹೋದರರೇ, ಬರ ಬಂದಾಗ ಸರಕಾರ ಮಳೆಯನ್ನು ಮಿಲಿಮೀಟರಿನಲ್ಲಿ ಅಳೆಯುತ್ತದೆ, ಅಣೆಕಟ್ಟೆಯ ನೀರನ್ನು ಅಡಿಗಳಲ್ಲಿ ಅಳೆಯುತ್ತದೆ, ಬೆಳೆ ನಷ್ಟವನ್ನು ಹೆಕ್ಟೇರುಗಳಲ್ಲಿ ಬರೆದುಕೊಳ್ಳುತ್ತದೆ. ಆದರೆ ಆ ತಾಯಿಯ ಕಿವಿಯ ಓಲೆ ಯಾವ ಲೆಕ್ಕದಲ್ಲಿದೆ? ಅದು ತಹಸೀಲ್ದಾರರ ಕಚೇರಿಯ ಕಡತದಲ್ಲಿಲ್ಲ. ಮನೆಯ ಗಂಡಸರ ಬಾಯಲ್ಲೂ ಇಲ್ಲ. ನಾವು ಇಂದು ಹೇಳಬೇಕೆಂದಿರುವುದು ಈ ಲೆಕ್ಕಕ್ಕೆ ಬಾರದ ನಷ್ಟದ ಕುರಿತು.

ಮೊದಲು ಮಳೆಯ ವಿಷಯಕ್ಕೆ ಬರೋಣ. ಬರ, ನೆರೆ ಎಂದಿನಿಂದಲೂ ಇವೆ, ಇದರಲ್ಲಿ ಹೊಸತೇನು ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದುದೇ. ಆದರೆ ಕಳೆದ ಕೆಲವು ವರ್ಷಗಳನ್ನು ಒಟ್ಟಿಗೆ ನೋಡಿದರೆ ಉತ್ತರ ಸಿಗುತ್ತದೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಪಕ್ಕದ ಅರಕಲಗೂಡು ತಾಲೂಕಿನ ರಾಮನಾಥಪುರದ ನದಿತೀರದ ಮನೆಗಳಿಗೆ ನೀರು ನುಗ್ಗಿತು. 2023ರ ಮುಂಗಾರಿನಲ್ಲಿ ಕರ್ನಾಟಕಕ್ಕೆ ವಾಡಿಕೆಗಿಂತ ಶೇ. 25ರಷ್ಟು ಕಡಿಮೆ ಮಳೆಯಾಯಿತು. ಆ ವರ್ಷದ ಆಗಸ್ಟ್ ತಿಂಗಳು ಇಡೀ ದೇಶಕ್ಕೆ 1901ರಿಂದೀಚೆಗೆ ಅತ್ಯಂತ ಒಣ ಆಗಸ್ಟ್ ಎನಿಸಿತು. ರಾಜ್ಯದ 236 ತಾಲೂಕುಗಳ ಪೈಕಿ 223 ತಾಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ನಮ್ಮ ಹೇಮಾವತಿ ಹೋಗಿ ಸೇರುವ ಕೃಷ್ಣರಾಜ ಸಾಗರ ಆ ವರ್ಷ ತುಂಬಲೇ ಇಲ್ಲ. ಮರುವರ್ಷ 2024ರ ಜುಲೈಯಲ್ಲಿ ಅದೇ ಜಲಾಶಯ ತುಂಬಿ ಹರಿಯಿತು. ಸಕಲೇಶಪುರದ ಘಟ್ಟದಲ್ಲಿ ಗುಡ್ಡ ಕುಸಿದು ರಸ್ತೆ, ರೈಲು ನಿಂತವು. 2025ರಲ್ಲಿ ಮುಂಗಾರು ಮೇ 24ರಂದೇ ಕೇರಳಕ್ಕೆ ಬಂದಿತು. 2009ರ ಅನಂತರ ಅದು ಇಷ್ಟು ಬೇಗ ಬಂದದ್ದು ಅದೇ ಮೊದಲು. ರೈತ ಹೊಲ ಹದ ಮಾಡುವ ಮೊದಲೇ ಮಳೆ ಸುರಿಯಿತು.

ಇದರ ಹಿಂದಿನ ಕಾರಣ ಅಷ್ಟೇನೂ ಜಟಿಲವಲ್ಲ. ಕಲ್ಲಿದ್ದಲು, ಪೆಟ್ರೋಲು, ಡೀಸೆಲು ಸುಟ್ಟ ಹೊಗೆ ವಾತಾವರಣದಲ್ಲಿ ನಿಂತು ಭೂಮಿಯ ಶಾಖವನ್ನು ಹೊರಹೋಗಲು ಬಿಡುವುದಿಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಸುಮಾರು ಶೇ. 7ರಷ್ಟು ಹೆಚ್ಚು ತೇವವನ್ನು ಹಿಡಿದಿಟ್ಟುಕೊಳ್ಳಬಲ್ಲದು. ಆದ್ದರಿಂದ ಮಳೆ ಇಲ್ಲದಾಗ ನೆಲದ ತೇವವನ್ನೆಲ್ಲ ಗಾಳಿಯೇ ಹೀರುತ್ತದೆ. ಸುರಿಯತೊಡಗಿದಾಗ ತಿಂಗಳ ಮಳೆ ಎರಡು ದಿನದಲ್ಲಿ ಸುರಿಯುತ್ತದೆ. ವರ್ಷದ ಕೊನೆಗೆ ಸರಾಸರಿ ತೆಗೆದರೆ ಎಲ್ಲವೂ ಸರಿಯಿದ್ದಂತೆ ಕಾಣಬಹುದು. ಆದರೆ ರಾಗಿಯ ಪೈರು ಸರಾಸರಿಯನ್ನು ಕುಡಿದು ಬದುಕುವುದಿಲ್ಲ.

ಈ ಹೊಗೆಯನ್ನು ಬಿಟ್ಟವರು ಯಾರು, ಫಲವನ್ನು ಉಣ್ಣುವವರು ಯಾರು? ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ 2022ರಲ್ಲಿ ಕೊಟ್ಟ ವರದಿಯ ಪ್ರಕಾರ ಜಗತ್ತಿನ 330ರಿಂದ 360 ಕೋಟಿ ಜನರು ಹವಾಮಾನದ ಪೆಟ್ಟಿಗೆ ಸುಲಭವಾಗಿ ತುತ್ತಾಗುವ ಸ್ಥಿತಿಯಲ್ಲಿ ಬದುಕುತ್ತಿದ್ದಾರೆ. 2010ರಿಂದ 2020ರ ನಡುವೆ ನೆರೆ, ಬರ, ಬಿರುಗಾಳಿಗಳಿಂದಾದ ಸಾವಿನ ಪ್ರಮಾಣ ಅಂತಹ ಪ್ರದೇಶಗಳಲ್ಲಿ ಸುರಕ್ಷಿತ ಪ್ರದೇಶಗಳಿಗಿಂತ 15 ಪಟ್ಟು ಹೆಚ್ಚಿತ್ತು. ಪೆಟ್ಟು ಬಡವನಿಗೆ ಹೆಚ್ಚು. ಬಡವನ ಮನೆಯೊಳಗೆ ಮಹಿಳೆಗೆ ಮತ್ತೂ ಹೆಚ್ಚು. ಈ ಎರಡನೆಯ ಮಾತನ್ನು ನಾವು ಗಂಡಸರು ಒಪ್ಪಲು ತಡಮಾಡುತ್ತೇವೆ. ಆದ್ದರಿಂದ ಒಂದೊಂದಾಗಿ ಲೆಕ್ಕ ಹಾಕೋಣ.

ಮೊದಲನೆಯದು ನೀರು. 2019ರಲ್ಲಿ ಆರಂಭವಾದ ಜಲಜೀವನ್ ಯೋಜನೆಯಿಂದ ಅನೇಕ ಮನೆಗಳಿಗೆ ನಲ್ಲಿ ಬಂದಿದೆ, ಅದು ಸ್ವಾಗತಾರ್ಹ. ಆದರೆ ನಲ್ಲಿಗೆ ನೀರು ಬರಬೇಕಾದರೆ ಕೊಳವೆಬಾವಿಯಲ್ಲಿ ನೀರಿರಬೇಕು. ಬರದ ತಿಂಗಳುಗಳಲ್ಲಿ ಅದು ಬತ್ತಿದಾಗ ಟ್ಯಾಂಕರಿನ ಮುಂದೆ ಬಿಂದಿಗೆ ಹಿಡಿದು ನಿಂತವರು ಯಾರು? ಟ್ಯಾಂಕರು ಬೆಳಗ್ಗೆ ಬರಬಹುದು, ಮಧ್ಯಾಹ್ನ ಬರಬಹುದು, ಬಾರದೆಯೂ ಇರಬಹುದು. ಹಾಗೆ ಕಾದವಳು ಆ ದಿನ ಕೂಲಿಗೆ ಹೋಗುವುದಿಲ್ಲ. ಆಕೆಯ ಬದಲಿಗೆ ಮಗಳು ಕಾದರೆ ಮಗಳು ಶಾಲೆಗೆ ಹೋಗುವುದಿಲ್ಲ. ಕೇಂದ್ರ ಸರಕಾರದ 2024ರ ಸಮಯ ಬಳಕೆ ಸಮೀಕ್ಷೆಯಂತೆ ಮನೆಗೆಲಸ ಮಾಡುವ ಮಹಿಳೆ ದಿನಕ್ಕೆ 289 ನಿಮಿಷಗಳನ್ನು ಅದಕ್ಕಾಗಿ ವ್ಯಯಿಸುತ್ತಾಳೆ, ಪುರುಷ 88 ನಿಮಿಷಗಳನ್ನು. ಬರವು ಈ 289ಕ್ಕೆ ಇನ್ನಷ್ಟು ಸೇರಿಸುತ್ತದೆಯೇ ಹೊರತು ಆ 88ಕ್ಕಲ್ಲ.

ಎರಡನೆಯದು ಅನ್ನ. ಮನೆಯಲ್ಲಿ ಹಿಟ್ಟು ಕಡಿಮೆಯಾದಾಗ ಯಾರ ಮುದ್ದೆ ಚಿಕ್ಕದಾಗುತ್ತದೆ? ದುಡಿಯುವ ಗಂಡಸಿಗೆ, ಬೆಳೆಯುವ ಮಕ್ಕಳಿಗೆ, ಮುದುಕರಿಗೆ ಬಡಿಸಿದ ಮೇಲೆ ತಾಯಿ ಉಳಿದದ್ದನ್ನು ಉಣ್ಣುತ್ತಾಳೆ. ಉಳಿಯದಿದ್ದರೆ ಹಸಿವಿಲ್ಲ ಎನ್ನುತ್ತಾಳೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದೊಳಗಿನ ಮಹಿಳೆಯರ ಪೈಕಿ ಸುಮಾರು ಶೇ. 48 ಮಂದಿಯಲ್ಲಿ ರಕ್ತಹೀನತೆ ಕಂಡುಬಂದಿತ್ತು. ಇದು ಬರ ಬರುವ ಮೊದಲಿನ ಲೆಕ್ಕ. ಆಗಲೇ ಬತ್ತಿದ ದೇಹದ ಮೇಲೆ ಬರ ಬರುತ್ತದೆ.

ಮೂರನೆಯದು ದುಡಿಮೆ. ಹಾಸನ ಜಿಲ್ಲೆ ಎಂದರೆ ಒಂದು ಕಾಲದಲ್ಲಿ ಆಲೂಗಡ್ಡೆ. ಪಂಜಾಬಿನ ಜಲಂಧರದಿಂದ ಬಿತ್ತನೆ ಗೆಡ್ಡೆ ತರಿಸಿ ಮುಂಗಾರಿನ ಆರಂಭದಲ್ಲಿ ನೆಡುತ್ತಿದ್ದರು. ಗೆಡ್ಡೆ ಕೊಯ್ದು ಹೋಳು ಮಾಡುವುದು, ನೆಡುವುದು, ಕಳೆ ತೆಗೆಯುವುದು, ಕಿತ್ತು ಆಯುವುದು ಬಹುಪಾಲು ಹೆಣ್ಣಾಳುಗಳ ಕೆಲಸವಾಗಿತ್ತು. ಬಿಡದೆ ಹಿಡಿಯುವ ಜಡಿಮಳೆ, ಮೋಡ ಮುಚ್ಚಿದ ತಂಪು ವಾತಾವರಣ ಅಂಗಮಾರಿ ರೋಗಕ್ಕೆ ಹೇಳಿ ಮಾಡಿಸಿದ್ದು. ವರ್ಷ ವರ್ಷವೂ ನಷ್ಟ ಅನುಭವಿಸಿದ ರೈತರು ಆಲೂಗಡ್ಡೆ ಬಿಟ್ಟು ಮುಸುಕಿನ ಜೋಳಕ್ಕೆ, ಶುಂಠಿಗೆ ತಿರುಗಿದರು. ಜೋಳದ ಹೊಲದಲ್ಲಿ ಕಳೆನಾಶಕ ಸಿಂಪಡಿಸಿದರೆ ಕಳೆ ಕೀಳುವ ಹೆಂಗಸರು ಬೇಕಾಗಿಲ್ಲ. ಬೆಳೆ ಬದಲಾಯಿತು ಎಂದು ಅಂಕಿಅಂಶಗಳು ಹೇಳುತ್ತವೆ. ಅದರೊಂದಿಗೆ ಎಷ್ಟು ಮಹಿಳೆಯರ ಕೂಲಿ ಹೋಯಿತೆಂದು ಯಾರೂ ಬರೆಯಲಿಲ್ಲ.

ಹೊಗೆಸೊಪ್ಪು ಬೆಳೆಯುವಲ್ಲಿಯೂ ಇದೇ ಸ್ಥಿತಿ. ಬ್ಯಾರನ್ನಿಗೆ ಏರಿಸುವ ಮೊದಲು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುವ ಕೈಗಳು ಹೆಚ್ಚಾಗಿ ಹೆಂಗಸರವು. ಒದ್ದೆಯಾದ ಸೊಪ್ಪಿನಿಂದ ನಿಕೋಟಿನ್ ಚರ್ಮದ ಮೂಲಕ ಮೈಯೊಳಗೆ ಇಳಿಯುತ್ತದೆ. ತಲೆ ಸುತ್ತು, ವಾಂತಿ, ನಿಶ್ಶಕ್ತಿ ಬರುತ್ತದೆ. ಕೊಯ್ಲಿನ ಕಾಲದಲ್ಲಿ ಮಳೆ ಹೆಚ್ಚಿದಷ್ಟೂ ಸೊಪ್ಪು ಒದ್ದೆ, ಅಪಾಯ ಹೆಚ್ಚು. “ಮಳೆಗಾಲದಲ್ಲಿ ಎಲ್ಲರಿಗೂ ಹಾಗೇ ಆಗುತ್ತಪ್ಪ” ಎಂದು ಒಬ್ಬ ಅಕ್ಕ ನಮಗೆ ಹೇಳಿದರು. ಅದು ಕಾಯಿಲೆಯೆಂದು ಅವರಿಗೆ ಯಾರೂ ತಿಳಿಸಿರಲಿಲ್ಲ.

ನಾಲ್ಕನೆಯದು ಸಾಲ. ಬೆಳೆ ಕೈಕೊಟ್ಟಾಗ, ಕೂಲಿ ನಿಂತಾಗ ಮನೆಯ ಮೊದಲ ಆಸರೆ ಮಹಿಳೆಯ ಮೈಮೇಲಿನ ಚಿನ್ನ. ನಮ್ಮ ಮನೆಗಳಲ್ಲಿ ಅದು ಎಷ್ಟೋ ಸಲ ಆಕೆಯ ಮಹರ್, ಅಂದರೆ ಗಂಡ ಮುಟ್ಟುವ ಹಕ್ಕಿಲ್ಲದ, ಆಕೆಯದೇ ಆದ ಸೊತ್ತು. ಚಿನ್ನ ಮುಗಿದ ಮೇಲೆ ವಾರದ ಕಂತಿನ ಸಂಘದ ಸಾಲ. ಹತ್ತು ಮಂದಿಯ ಗುಂಪಿನಲ್ಲಿ ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ಕಟ್ಟಬೇಕು. ವಸೂಲಿಗೆ ಬಂದವರು ಆಕೆಯ ಜಗಲಿಯಲ್ಲಿ ಕೂರುತ್ತಾರೆ, ನೆರೆಹೊರೆ ನೋಡುತ್ತದೆ. ಸಾಲ ಖರ್ಚಾದದ್ದು ಕೊಳವೆಬಾವಿಗೆ, ಗೊಬ್ಬರಕ್ಕೆ, ಗಂಡನ ವ್ಯಾಪಾರಕ್ಕೆ. ಅವಮಾನ ಮಾತ್ರ ಆಕೆಗೆ. ಈ ಕಿರುಕುಳ ರಾಜ್ಯದಲ್ಲಿ ಎಲ್ಲಿಗೆ ಮುಟ್ಟಿತೆಂದರೆ 2025ರ ಫೆಬ್ರವರಿಯಲ್ಲಿ ಸರಕಾರವು ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ತಪ್ಪಿತಸ್ಥರಿಗೆ 10 ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿಗಳವರೆಗೆ ದಂಡವನ್ನು ಅದು ವಿಧಿಸುತ್ತದೆ. ಅನಂತರ ಅದು ಕಾಯ್ದೆಯೂ ಆಯಿತು. ಕಾಯ್ದೆ ವಸೂಲಿಗಾರನನ್ನು ತಡೆಯಬಹುದು. ಮಳೆ ಕೈಕೊಟ್ಟಾಗಲೆಲ್ಲ ಬಡ್ಡಿಯ ಬಾಗಿಲಿಗೆ ಹೋಗದೆ ಬೇರೆ ದಾರಿಯಿಲ್ಲ ಎಂಬ ಸ್ಥಿತಿಯನ್ನು ಅದು ತಡೆಯಲಾರದು.

ಐದನೆಯದು ಸೆಕೆ. ಇದು ಪೇಟೆಯಲ್ಲಿರುವ ನಮ್ಮೆಲ್ಲರ ಮನೆಗಳಿಗೂ ಸಂಬಂಧಿಸಿದ್ದು. ಹೊಳೆನರಸೀಪುರವಿರಲಿ, ಚನ್ನರಾಯಪಟ್ಟಣವಿರಲಿ, ನಮ್ಮ ಜನ ವಾಸಿಸುವ ಕೇರಿಗಳಲ್ಲಿ ಶೀಟು ಹೊದೆಸಿದ ಮನೆಗಳು ಎಷ್ಟಿವೆಯೆಂದು ನಿಮಗೆ ಗೊತ್ತು. 2024ರ ಬೇಸಿಗೆ ನೆನಪಿರಬಹುದು. ಗಂಡಸರು ಮರದಡಿಯಲ್ಲೋ ಅಂಗಡಿಯ ಮುಂದೆಯೋ ಮಸೀದಿಯ ಫ್ಯಾನಿನ ಕೆಳಗೋ ಮಧ್ಯಾಹ್ನ ಕಳೆದರು. ಆ ಹೊತ್ತಿಗೆ ಮನೆಯ ಮಹಿಳೆ ಕಾದ ಶೀಟಿನಡಿ, ಒಲೆಯ ಮುಂದೆ ಅಥವಾ ಹೊಲಿಗೆ ಯಂತ್ರದ ಮುಂದೆ ಇದ್ದಳು. ಗರ್ಭಿಣಿಯಾಗಿದ್ದರೆ ಅದೇ ಸೆಕೆಯಲ್ಲಿ ಆಕೆಯೊಂದಿಗೆ ಇನ್ನೊಂದು ಜೀವವೂ ಬೆಂದಿತು.

ಹೀಗೆ ನೀರು, ಅನ್ನ, ಕೂಲಿ, ಚಿನ್ನ, ಆರೋಗ್ಯ ಎಲ್ಲವನ್ನೂ ಆಕೆ ತೆತ್ತ ಮೇಲೆ ಪರಿಹಾರ ಬರುತ್ತದೆ. ಯಾರಿಗೆ ಬರುತ್ತದೆ? 2023ರ ಬರದ ಕಾಲದ ನಿಯಮದಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಗರಿಷ್ಠ 2 ಹೆಕ್ಟೇರಿಗೆ. ಅದು ಪಹಣಿಯಲ್ಲಿ ಹೆಸರಿದ್ದವರಿಗೆ. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಒಟ್ಟು ಹಿಡುವಳಿದಾರರಲ್ಲಿ ಮಹಿಳೆಯರು ಕೇವಲ ಶೇ. 14ರಷ್ಟು. ಆದರೆ ಗ್ರಾಮೀಣ ಭಾರತದಲ್ಲಿ ದುಡಿಯುವ ಪ್ರತಿ ನಾಲ್ವರು ಮಹಿಳೆಯರಲ್ಲಿ ಮೂವರು ಕೃಷಿಯಲ್ಲೇ ಇದ್ದಾರೆ. ಅಂದರೆ ದುಡಿಮೆ ಆಕೆಯದು, ಪಹಣಿ ಬೇರೆಯವರದು. ಜಮೀನೇ ಇಲ್ಲದ ಕೂಲಿ ಮಹಿಳೆಗಂತೂ ಬೆಳೆ ಪರಿಹಾರದಲ್ಲಿ ಚಿಕ್ಕಾಸೂ ಇಲ್ಲ. ಬೆಳೆ ಒಣಗಿದರೆ ಜಮೀನಿಗೆ ಪರಿಹಾರವುಂಟು, ಕೂಲಿ ಒಣಗಿದರೆ ಇಲ್ಲ.

ಇನ್ನು ಈ ಪರಿಹಾರಕ್ಕಾಗಿ ನಡೆದ ಜಗ್ಗಾಟವನ್ನು ನೀವೆಲ್ಲ ನೋಡಿದ್ದೀರಿ. ರಾಜ್ಯ ಸರಕಾರ ಕೇಂದ್ರವನ್ನು ಕೇಳಿದ್ದು 18,171 ಕೋಟಿ ರೂಪಾಯಿ. ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಮೇಲೆ 2024ರ ಏಪ್ರಿಲ್ ಕೊನೆಯಲ್ಲಿ ಬಂದದ್ದು ಸುಮಾರು 3,454 ಕೋಟಿ. ಬರ ಘೋಷಣೆಯಾದದ್ದು 2023ರ ಸೆಪ್ಟೆಂಬರಿನಲ್ಲಿ. ಎರಡು ಸರಕಾರಗಳು ಪತ್ರ ಬರೆದುಕೊಳ್ಳುತ್ತಿದ್ದ ಆ ಏಳು ತಿಂಗಳು ಮನೆಗಳು ಹೇಗೆ ನಡೆದವು? ಕಿವಿಯ ಓಲೆಗಳಿಂದ ನಡೆದವು. ಈ ದೇಶದ ನಿಜವಾದ ವಿಪತ್ತು ಪರಿಹಾರ ನಿಧಿ ಬಡ ಮಹಿಳೆಯ ಮೈಮೇಲಿದೆ ಎಂದರೆ ತಪ್ಪಾದೀತೇ?

ಉದ್ಯೋಗ ಖಾತರಿಯ ವಿಷಯವೂ ಇಲ್ಲಿ ಬರುತ್ತದೆ. 2005ರ ಕಾಯ್ದೆ ಗ್ರಾಮೀಣ ಕುಟುಂಬಕ್ಕೆ ವರ್ಷದಲ್ಲಿ 100 ದಿನಗಳ ಕೆಲಸದ ಹಕ್ಕು ಕೊಟ್ಟಿತ್ತು. ಇತ್ತೀಚಿನ ವರ್ಷಗಳಲ್ಲಿ ಆ ಕೆಲಸದ ಅರ್ಧಕ್ಕಿಂತ ಹೆಚ್ಚು ದಿನಗಳನ್ನು ದುಡಿದವರು ಮಹಿಳೆಯರು. ಗಂಡಿಗೂ ಹೆಣ್ಣಿಗೂ ಸಮಾನ ಕೂಲಿ, ಊರಿನ ಹತ್ತಿರವೇ ಕೆಲಸ ಎಂಬುದು ಅದಕ್ಕೆ ಕಾರಣ. 2025ರ ಡಿಸೆಂಬರಿನಲ್ಲಿ ಸಂಸತ್ತು ಅದರ ಸ್ಥಾನದಲ್ಲಿ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ದಿನಗಳು 125ಕ್ಕೆ ಏರಿವೆ, ಅದು ಒಳ್ಳೆಯದೇ. ಆದರೆ ಬಿತ್ತನೆ ಮತ್ತು ಕೊಯ್ಲಿನ ಬಿರುಸಿನ ಕಾಲದಲ್ಲಿ ಒಟ್ಟು 60 ದಿನ ಈ ಕೆಲಸ ನಿಲ್ಲಿಸಲು ಅದರಲ್ಲಿ ಅವಕಾಶವಿದೆ. ಆಗ ಹೊಲಗಳಲ್ಲಿ ಕೂಲಿ ಸಿಗುತ್ತದೆ ಎಂಬುದು ಅದರ ತರ್ಕ. ಮಳೆ ಬಂದ ವರ್ಷ ಈ ತರ್ಕ ಸರಿ. ಬಿತ್ತನೆಯೇ ಆಗದ ವರ್ಷ? ಹೊಲದಲ್ಲೂ ಕೆಲಸವಿಲ್ಲ, ಪಂಚಾಯಿತಿಯಲ್ಲೂ ಕೆಲಸವಿಲ್ಲ ಎಂದಾದರೆ ಆಕೆ ಎಲ್ಲಿಗೆ ಹೋಗಬೇಕು? ನಮ್ಮ ಗ್ರಾಮಸಭೆಗಳಲ್ಲಿ ಈ ಪ್ರಶ್ನೆ ಏಳಬೇಕು, ಬರ ಬರುವ ಮೊದಲೇ ಏಳಬೇಕು.

ಸಹೋದರರೇ, ಇಷ್ಟನ್ನೂ ಸರಕಾರದ ತಲೆಗೆ ಕಟ್ಟಿ ನಾವು ಎದ್ದುಹೋಗುವಂತಿಲ್ಲ. ಮನೆಯೊಳಗಿನ ಪದ್ಧತಿಗಳು ಕೂಡ ಜೀವ ತೆಗೆಯುತ್ತವೆ ಎಂಬುದಕ್ಕೆ ನೆರೆಯ ಬಾಂಗ್ಲಾದೇಶದ ಅನುಭವ ಸಾಕ್ಷಿ. 1991ರ ಏಪ್ರಿಲ್ 29ರ ರಾತ್ರಿ ಅಲ್ಲಿ ಬೀಸಿದ ಚಂಡಮಾರುತದಲ್ಲಿ ಸುಮಾರು 1,38,000 ಮಂದಿ ಸತ್ತರು. 20ರಿಂದ 44 ವರ್ಷದವರಲ್ಲಿ ಸಾವಿರ ಪುರುಷರಿಗೆ 15 ಮಂದಿ ಸತ್ತರೆ, ಸಾವಿರ ಮಹಿಳೆಯರಿಗೆ 71 ಮಂದಿ ಸತ್ತರು. ಸಮುದ್ರ ಹೆಣ್ಣು ಗಂಡೆಂದು ನೋಡಲಿಲ್ಲ. ಎಚ್ಚರಿಕೆಯ ಸುದ್ದಿ ಬಜಾರಿನಲ್ಲಿದ್ದ ಗಂಡಸರಿಗೆ ಮುಟ್ಟಿತು, ಮನೆಯೊಳಗಿದ್ದ ಹೆಂಗಸರಿಗೆ ತಡವಾಗಿ ಮುಟ್ಟಿತು. ಗಂಡನ ಅನುಮತಿಯಿಲ್ಲದೆ ಹೊರಡಲು ಹಲವರು ಹಿಂಜರಿದರು. ಆಶ್ರಯ ಕಟ್ಟಡಗಳಲ್ಲಿ ಮಹಿಳೆಯರಿಗೆ ಪ್ರತ್ಯೇಕ ಜಾಗ, ಶೌಚಾಲಯ ಇರಲಿಲ್ಲ. ಮರ್ಯಾದೆಗೆ ಅಂಜಿ ಮನೆಯಲ್ಲೇ ಉಳಿದವರೂ ಇದ್ದರು.

ಆ ದೇಶ ಇದರಿಂದ ಪಾಠ ಕಲಿಯಿತು. ಆಶ್ರಯಗಳನ್ನು ಹೆಚ್ಚಿಸಿ ಮಹಿಳೆಯರಿಗೆ ಪ್ರತ್ಯೇಕ ಕೋಣೆಗಳನ್ನು ಕಟ್ಟಿದರು. ಮನೆ ಬಾಗಿಲಿಗೆ ಹೋಗಿ ಎಚ್ಚರಿಸಲು ಮಹಿಳಾ ಸ್ವಯಂಸೇವಕರನ್ನು ಸೇರಿಸಿದರು. ಇಂದು ಅಲ್ಲಿನ ಚಂಡಮಾರುತ ಸ್ವಯಂಸೇವಕರಲ್ಲಿ ಅರ್ಧದಷ್ಟು ಮಹಿಳೆಯರಿದ್ದಾರೆ. 2007ರಲ್ಲಿ ಅಷ್ಟೇ ಭೀಕರವಾದ ಸಿಡ್ರ್ ಚಂಡಮಾರುತ ಬಂದಾಗ ಸತ್ತವರ ಸಂಖ್ಯೆ ಸುಮಾರು ಮೂರೂವರೆ ಸಾವಿರಕ್ಕೆ ಇಳಿಯಿತು. ಧರ್ಮವೂ ಅದೇ, ಜನರೂ ಅವರೇ. ಬದಲಾದದ್ದು ವ್ಯವಸ್ಥೆ. ನಮ್ಮ ನದಿತೀರದ ಊರುಗಳಲ್ಲಿ ನೆರೆ ಬಂದಾಗ ತೆರೆಯುವ ಕಾಳಜಿ ಕೇಂದ್ರಗಳಲ್ಲಿ ಮಹಿಳೆಯರಿಗೆ ಮರೆಯಾದ ಜಾಗವಿದೆಯೇ, ಬಾಣಂತಿಗೆ ಬಿಸಿನೀರಿದೆಯೇ ಎಂದು ನಮ್ಮ ಜಮಾಅತ್ ಸಮಿತಿಗಳು ಎಂದಾದರೂ ಹೋಗಿ ನೋಡಿವೆಯೇ?

ಇಷ್ಟು ಹೇಳಿದ ಮೇಲೆ, ಮಹಿಳೆ ಕೇವಲ ಸಂತ್ರಸ್ತೆ ಎಂದು ನೀವು ಭಾವಿಸಿದರೆ ಅದೂ ತಪ್ಪು. ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನಲ್ಲಿ ತೀರ್ಥ ಎಂಬ ಗ್ರಾಮವಿದೆ. ಮಳೆ ನಂಬಿ ಬದುಕುವ ಸೀಮೆ. ಅಲ್ಲಿ 2018ರಲ್ಲಿ ಹದಿನೈದು ಮಂದಿ ಮಹಿಳೆಯರು ಸೇರಿ ಬೀಬಿ ಫಾತಿಮಾ ಸ್ವಸಹಾಯ ಸಂಘ ಕಟ್ಟಿದರು. ಸಿರಿಧಾನ್ಯದ ಮಿಶ್ರ ಬೆಳೆಯನ್ನು ಮರಳಿ ತಂದರು. ಊರಿನ ಬೀಜಗಳನ್ನು ಕೂಡಿಟ್ಟು ಬೀಜ ಬ್ಯಾಂಕ್ ಮಾಡಿದರು. ಸೌರಶಕ್ತಿಯಿಂದ ನಡೆಯುವ ಸಿರಿಧಾನ್ಯ ಸಂಸ್ಕರಣಾ ಘಟಕವನ್ನು ತಾವೇ ನಡೆಸತೊಡಗಿದರು. ಸುತ್ತಲಿನ ಅನೇಕ ಹಳ್ಳಿಗಳ ರೈತರು ಅವರೊಂದಿಗೆ ಸೇರಿದರು. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ನೀಡುವ ಈಕ್ವೇಟರ್ ಪ್ರಶಸ್ತಿಗೆ ಇಡೀ ಜಗತ್ತಿನಿಂದ ಆಯ್ಕೆಯಾದ ಹತ್ತು ಗುಂಪುಗಳಲ್ಲಿ ಈ ಸಂಘವೂ ಒಂದು. ನಮ್ಮ ಸಮುದಾಯದ ಹಳ್ಳಿಯ ಮಹಿಳೆಯರು ಜಗತ್ತಿಗೆ ಹವಾಮಾನದ ಪಾಠ ಹೇಳಿದರು. ಇದು ನಮ್ಮ ಎಷ್ಟು ಜುಮಾ ಭಾಷಣಗಳಲ್ಲಿ ಪ್ರಸ್ತಾಪವಾಯಿತು?

ಅವರ ಉಪಾಯದಲ್ಲಿ ನಮಗೆ ಅಪರಿಚಿತವಾದದ್ದೇನೂ ಇಲ್ಲ. ಹಾಸನದ ಕಡೆ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುತ್ತಿದ್ದುದನ್ನು ಇಲ್ಲಿರುವ ಹಿರಿಯರು ಬಲ್ಲರು. ರಾಗಿಯ ನಡುವೆ ಅವರೆ, ಜೋಳ, ಹುಚ್ಚೆಳ್ಳು, ಸಾಸಿವೆ. ರಾಗಿ ಕೈಕೊಟ್ಟರೆ ಅವರೆ ಉಳಿಯುತ್ತಿತ್ತು. ಸಾರಿಗೆ ಕಾಳು, ಒಗ್ಗರಣೆಗೆ ಎಣ್ಣೆ, ದನಕ್ಕೆ ಮೇವು ಒಂದೇ ಹೊಲದಿಂದ ಬರುತ್ತಿತ್ತು. ಬೀಜ ಆರಿಸಿ, ಬೂದಿ ಬೆರೆಸಿ, ಮಡಕೆಯಲ್ಲಿ ಕಾಪಿಡುತ್ತಿದ್ದವಳು ಮನೆಯ ಹೆಂಗಸು. ವಿಮೆಯ ಕಂಪೆನಿ ಹುಟ್ಟುವ ಮೊದಲು ಅಕ್ಕಡಿಯೇ ರೈತನ ವಿಮೆಯಾಗಿತ್ತು. ಒಂದೇ ಬೆಳೆಯ ಹಿಂದೆ ಬಿದ್ದು ನಾವು ಆ ವಿಮೆಯನ್ನು ಕೈಬಿಟ್ಟೆವು. ಆ ಮಡಕೆಯ ಜೊತೆಗೆ ಕೃಷಿಯಲ್ಲಿ ಮಹಿಳೆಯ ಮಾತಿಗಿದ್ದ ಬೆಲೆಯನ್ನೂ ಕೈಬಿಟ್ಟೆವು.

ಪೇಟೆಯ ದುಡಿಯುವ ಮಹಿಳೆಯರಿಗೂ ಮಾದರಿಯಿದೆ. ಇಳಾ ಭಟ್ ಅವರು 1972ರಲ್ಲಿ ಅಹಮದಾಬಾದಿನಲ್ಲಿ ಕಟ್ಟಿದ ‘ಸೇವಾ’ ಮಹಿಳಾ ಸಂಘಟನೆ ಈಗ ಸೆಕೆಗೂ ವಿಮೆ ಮಾಡಿಸಿದೆ. ತಾಪಮಾನ ಗೊತ್ತುಪಡಿಸಿದ ಮಟ್ಟ ದಾಟಿದರೆ, ಅರ್ಜಿ ತನಿಖೆಗಳಿಲ್ಲದೆ ಸದಸ್ಯೆಯ ಖಾತೆಗೆ ಹಣ ಬರುತ್ತದೆ. 2024ರ ಬೇಸಿಗೆಯಲ್ಲಿ ಗುಜರಾತ್, ರಾಜಸ್ಥಾನ, ಮಹಾರಾಷ್ಟ್ರಗಳ ಸುಮಾರು 50 ಸಾವಿರ ಮಹಿಳೆಯರು ಅದರಲ್ಲಿದ್ದರು. ಮೊತ್ತ ಚಿಕ್ಕದು. ಆದರೆ ಸೆಕೆಗೆ ಹೋದ ಆಕೆಯ ಒಂದು ದಿನದ ಕೂಲಿಯೂ ನಷ್ಟವೇ ಎಂದು ಅಲ್ಲಿ ಲೆಕ್ಕ ಬರೆಯಲಾಗಿದೆ.

ಇನ್ನು ಕೊನೆಯ ಮಾತು. ಇದು ಸ್ವಲ್ಪ ಕಹಿಯೆನಿಸಬಹುದು, ಕ್ಷಮಿಸಿ. ಮಹಿಳೆಯರ ಕಷ್ಟದ ಮಾತು ಬಂದಾಗ ನಾವು ಬಹುಬೇಗ ಸಬರ್ ಎಂಬ ಪದವನ್ನು ಎತ್ತಿಕೊಳ್ಳುತ್ತೇವೆ. ನಮ್ಮ ಹೆಣ್ಣುಮಕ್ಕಳು ಎಂತಹ ಸಹನಶೀಲರು ಎಂದು ಹೊಗಳುತ್ತೇವೆ. ಸಬರ್ ಶ್ರೇಷ್ಠ ಗುಣ, ಸಂದೇಹವಿಲ್ಲ. ಆದರೆ ಅದು ತಾನು ಹೊರುವ ಗುಣವೇ ಹೊರತು ಇನ್ನೊಬ್ಬರ ತಲೆಯ ಮೇಲೆ ಹೊರಿಸುವ ಗುಣವಲ್ಲ. ಎರಡು ಬಿಂದಿಗೆಯ ಭಾರವನ್ನು ಒಬ್ಬಳೇ ಹೊರುವುದನ್ನು ನೋಡುತ್ತ ನಿಂತು, ಆಹಾ ಎಂತಹ ಸಹನೆ ಎಂದು ಹೊಗಳುವವನು ಒಂದು ಬಿಂದಿಗೆಯನ್ನು ತಾನು ಎತ್ತಿಕೊಳ್ಳಬಾರದೇ? ಮರುಭೂಮಿಯಲ್ಲಿ ಹಸುಗೂಸಿಗಾಗಿ ಸಫಾ ಮರ್ವಾಗಳ ನಡುವೆ ನೀರು ಹುಡುಕಿ ಓಡಿದ ತಾಯಿ ಹಾಜಿರಾರನ್ನು ನಾವೆಲ್ಲ ಗೌರವದಿಂದ ನೆನೆಯುತ್ತೇವೆ. ಅವರು ಕುಳಿತು ಸಹಿಸಲಿಲ್ಲ, ಓಡಿದರು. ಹಜ್ಜ್ ಉಮ್ರಾಗಳಿಗೆ ಹೋದ ಪ್ರತಿಯೊಬ್ಬ ಗಂಡಸೂ ಇಂದಿಗೂ ಆ ತಾಯಿಯ ಹಾದಿಯಲ್ಲಿ ನಡೆಯಬೇಕು. ಊರಿಗೆ ಮರಳಿದ ಮೇಲೆ ಟ್ಯಾಂಕರಿನ ಮುಂದಿನ ಸಾಲಿನಲ್ಲಿ ಮಾತ್ರ ಆತ ಕಾಣಿಸುವುದಿಲ್ಲವೇಕೆ?

ಆದ್ದರಿಂದ ನಮ್ಮ ವಿನಂತಿ ಇಷ್ಟೆ. ಮನೆಗಳಲ್ಲಿ ನೀರು ತರುವ ಕೆಲಸವನ್ನು ಗಂಡುಮಕ್ಕಳಿಗೂ ಹಂಚಿರಿ, ಬರದ ದಿನಗಳಲ್ಲಾದರೂ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಿರಿ. ಜಮೀನು, ಮನೆ ಇದ್ದವರು ಹೆಣ್ಣುಮಕ್ಕಳ ಪಾಲನ್ನು ಬಾಯಿಮಾತಿನಲ್ಲಿ ಬಿಡದೆ ಖಾತೆ ಪಹಣಿಗಳಲ್ಲಿ ಬರೆಸಿರಿ. ವಾರಸು ಹಕ್ಕನ್ನು ಧರ್ಮವೇ ಕೊಟ್ಟಿರುವಾಗ ಅದನ್ನು ತಡೆಹಿಡಿಯಲು ನಾವು ಯಾರು? ಜಮಾಅತ್‌ಗಳು ಮಳೆ ಕೈಕೊಟ್ಟ ವರ್ಷಕ್ಕೆಂದು ಬಡ್ಡಿರಹಿತ ಸಾಲದ ಒಂದು ಚಿಕ್ಕ ನಿಧಿಯನ್ನಾದರೂ ಕಟ್ಟಲಿ. ಅದರ ಲೆಕ್ಕ ನೋಡುವವರಲ್ಲಿ ಮಹಿಳೆಯರೂ ಇರಲಿ, ನೆರವು ಪಡೆಯುವವರಲ್ಲಿ ನೆರೆಯ ಹಿಂದೂ ಸಹೋದರಿಯೂ ಇರಲಿ, ಏಕೆಂದರೆ ಹೊಲದಲ್ಲಿ ಅವರಿಬ್ಬರೂ ಒಂದೇ ಸಾಲಿನಲ್ಲಿ ಕಳೆ ಕೀಳುತ್ತಾರೆ. ಮಸೀದಿಯ ಮಾಡಿನ ಮಳೆನೀರನ್ನು, ವುಝೂ ಮಾಡಿದ ನೀರನ್ನು ಚರಂಡಿಗೆ ಬಿಡದೆ ಇಂಗುಗುಂಡಿಗೆ ಇಳಿಸಿರಿ. ಗ್ರಾಮಸಭೆಗೆ ಮಹಿಳೆಯರನ್ನು ಕರೆದೊಯ್ಯಿರಿ, ಅಲ್ಲಿ ಅವರೇ ಮಾತನಾಡಲಿ.

ಆ ತಾಯಿಯ ಮನೆಯಿಂದ ಹೊರಡುವಾಗ, ಓಲೆಯನ್ನು ಯಾವಾಗ ಬಿಡಿಸಿಕೊಳ್ಳುತ್ತೀರಿ ಖಾಲಾ ಎಂದು ನಾವು ಕೇಳಿದೆವು. ಬಾಗಿಲಲ್ಲಿ ನಿಂತಿದ್ದ ಮಗನತ್ತ ಅವರು ಒಮ್ಮೆ ನೋಡಿದರು, ಮಾತನಾಡಲಿಲ್ಲ. ಆತ ತಲೆತಗ್ಗಿಸಿದ. ಆ ಓಲೆ ಗಿರವಿಗೆ ಹೋಗಿ ಎಷ್ಟು ವರ್ಷವಾಯಿತೆಂದು ಬಹುಶಃ ಆತ ಅಂದೇ ಮೊದಲ ಬಾರಿಗೆ ಲೆಕ್ಕ ಹಾಕಿದ. ಇಂದು ಮನೆಗೆ ಮರಳಿದ ಮೇಲೆ ನೀವೂ ನಿಮ್ಮ ನಿಮ್ಮ ಮನೆಯ ಲೆಕ್ಕವನ್ನು ಒಮ್ಮೆ ಹಾಕಿರಿ. ಅಷ್ಟಾದರೆ ಈ ಸಭೆ ಸಾರ್ಥಕವಾದಂತೆ.